ಡಬ್ಬಾ ಟಿವಿಗೆ ಇನ್ನೂ ಸ್ವಲ್ಪ ಬೆಳಕು

"ಒಡೀಬೇಡಿ!"

ಭದ್ರಾವತಿ ಹಳೇನಗರದ ಗುಜರಿ ಅಂಗಡಿ ಮುಂದೆ ಹೀಗೆ ಕಿರುಚಿದವಳು ಪೂಜಿತಾ. ಸುತ್ತಿಗೆ ಎತ್ತಿದ್ದವನು ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ತಿರುಗಿ ನೋಡಿದ. ಅವನ ಕಾಲ ಬಳಿ ಹಳೇ ಡಬ್ಬಾ ಟಿವಿಯೊಂದು ಬೋರಲು ಬಿದ್ದಿತ್ತು.

"ಇದು ಆಗಲೇ ಸತ್ತಿದೆ ಮೇಡಂ. ಒಳಗಿನ ತಾಮ್ರದ ಸುರುಳಿ ಬೇಕಿತ್ತು, ಅಷ್ಟೇ."

"ಸತ್ತಿದೆ ಅಂತ ಹೇಗೆ ಹೇಳ್ತೀರಿ? ಹಾಕಿ ನೋಡಿದ್ರಾ?"

"ಪಿಕ್ಚರ್ ಟ್ಯೂಬೇ ಸೀಳಿದೆ ಮಾರಾಯ್ರೆ. ಇಲ್ನೋಡಿ."

ನೋಡಿದಳು. ಅವನು ಮಗುಚಿ ತೋರಿಸಿದ ಗಾಜು ಕೆಳಗಿನ ಮೂಲೆಯಿಂದ ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಎರಡು ವಾರದಲ್ಲಿ ಅವಳು ಹುಡುಕಿಕೊಂಡು ಬಂದ ಹನ್ನೊಂದನೇ ಟಿವಿ ಅದು! ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ಅಳು, ಗುರುತು ಪರಿಚಯವಿಲ್ಲದ ಗಂಡಸಿನ ಎದುರೇ ನುಗ್ಗಿಬಿಟ್ಟಿತು.

ಪಾಪ, ಅವನಿಗೇನು ಮಾಡಬೇಕೋ ತೋಚಲಿಲ್ಲ. ಮೊದಲು ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಟಿವಿಗೆ ಯಾರಾದ್ರೂ ಅಳ್ತಾರಾ?"

"ಟಿವಿಗಲ್ಲ... ನನ್ನ ತಮ್ಮನಿಗೆ."

ತಮ್ಮನ ಹೆಸರು ವಸಂತ್. ಇಪ್ಪತ್ನಾಲ್ಕು ವರ್ಷ. ಎಂಟು ತಿಂಗಳ ಹಿಂದೆ ಆಯನೂರಿನ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವನು ಆಮೇಲೆ ಮಾತಾಡಿರಲಿಲ್ಲ. ಬಲಗೈ ಬೆರಳುಗಳು ಅರ್ಧ ನಿದ್ದೆಯಲ್ಲಿದ್ದವು. ಅವನಿಗೆ ಇಷ್ಟವಾದದ್ದೇನಾದರೂ ಆ ಬೆರಳಿಂದ ಮಾಡಿಸಿ ಎಂದು ಫಿಸಿಯೋಥೆರಪಿ ಡಾಕ್ಟರು ಹೇಳಿದ್ದರು. ಪೂಜಿತಾ ಅಟ್ಟ ಹತ್ತಿ, ಅವನು ಚಿಕ್ಕಂದಿನಲ್ಲಿ ಜೀವಕ್ಕಿಂತ ಹೆಚ್ಚು ಮಾಡಿಕೊಂಡಿದ್ದ, ಕ್ಯಾಸೆಟ್ ಹಾಕಿ ಆಡುವ ವಿಡಿಯೋ ಗೇಮನ್ನು ಇಳಿಸಿದ್ದಳು.

ಆದರೆ ಆದದ್ದೇನು? ಗೋಡೆಯ ಮೇಲಿನ ಹೊಸ ಟಿವಿಗೆ ಜೋಡಿಸಿದಾಗ, ವಸಂತ್ ಬಟನ್ ಒತ್ತಿದ ಮೇಲೆ ಒಂದು ಗಳಿಗೆ ತಡವಾಗಿ ಆ ಪುಟ್ಟ ಗೊಂಬೆ ಹಾರುತ್ತಿತ್ತು. ಹಾರುವಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತಿತ್ತು. ತಪ್ಪು ತನ್ನ ಕೈಯದ್ದೇ ಎಂದುಕೊಂಡ ಹುಡುಗ ಗೇಮಿನ ರಿಮೋಟನ್ನು ಗೋಡೆಗೆ ಬೀಸಿ ಒಗೆದು, ಶಬ್ದವಿಲ್ಲದೆ ಅತ್ತಿದ್ದ.

"ಅವನ ಕೈ ತಪ್ಪಲ್ಲ ಅದು" ಎಂದ ಸುತ್ತಿಗೆಯವನು, ಎಲ್ಲ ಕೇಳಿದ ಮೇಲೆ. "ಹೊಸ ಟಿವಿ ಚಿತ್ರಾನ ಒಳಗಿಟ್ಕೊಂಡು ಯೋಚನೆ ಮಾಡಿ ತೋರಿಸುತ್ತೆ. ಡಬ್ಬಾ ಟಿವಿಗೆ ಆ ಬುದ್ಧಿವಂತಿಕೆ ಇಲ್ಲ. ಕೊಟ್ಟದ್ದನ್ನ ಕೊಟ್ಟ ತಕ್ಷಣ ತೋರಿಸುತ್ತೆ."

"ನನಗೂ ಅದು ಗೊತ್ತಾಯ್ತು. ಆದ್ರೆ ಎಲ್ಲಿ ಸಿಗುತ್ತೆ?"

ಅವನು ಸುತ್ತಿಗೆಯನ್ನು ಕೆಳಗಿಟ್ಟ.

"ನಮ್ಮಪ್ಪ ಮದುವೆ ವಿಡಿಯೋ ಎಡಿಟ್ ಮಾಡ್ತಿದ್ದ ಮಾನಿಟರ್ ಒಂದಿದೆ, ಇದೇ ಥರ ಡಬ್ಬಾದ್ದು. ಮಾರೋದಲ್ಲ ಅದು... ಭಾನುವಾರ ತಂದಿಟ್ಟು ಹೋಗ್ತೀನಿ. ಮನೆ ಎಲ್ಲಿ?"

"ಶಿವಮೊಗ್ಗ, ಗೋಪಾಳ. ನಿಮ್ಮ ಹೆಸರು...?"

"ನಿರಂಜನ. ಈಗ ಸಿಸಿಟಿವಿ ಹಾಕೋ ಕೆಲಸ."

ಭಾನುವಾರ ಬಂದ. ಗೇಮಿನ ಹಳದಿ ವೈರನ್ನು ಮಾನಿಟರಿಗೆ ಚುಚ್ಚಿದಾಗ ಚಿತ್ರವೇನೋ ಬಂತು, ಆದರೆ ಗೊಂಬೆಯ ಅಂಗಿಯ ಕೆಂಪು ಬಣ್ಣ ಅಂಚು ದಾಟಿ ಹಳ್ಳದವರೆಗೂ ಹರಡಿತ್ತು. ನಿರಂಜನ ಗೇಮನ್ನು ಬಿಚ್ಚಿ, ಒಳಗಿನಿಂದ ಮೂರು ಸಣ್ಣ ವೈರುಗಳನ್ನು ಬೆಸುಗೆ ಹಾಕಿ ಹೊರಗೆಳೆದ.

"ಮೂರು ಬಣ್ಣಾನೂ ಒಂದೇ ವೈರಲ್ಲಿ ತುರುಕಿದ್ರೆ ಒಂದರ ಮೈಮೇಲೆ ಒಂದು ಬೀಳ್ತವೆ. ಬೇರೆ ಬೇರೆ ದಾರಿ ಕೊಟ್ಬಿಟ್ರೆ ಜಗಳ ಇಲ್ಲ."

ಸ್ವಿಚ್ ಒತ್ತಿದ. ಅಬ್ಬಾ! ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದಿನವೆಲ್ಲ ಬಣ್ಣಗಳ ಜೊತೆ ಹೆಣಗುವ ಪೂಜಿತಾಳೇ ಬೆರಗಾದಳು. ಕೆಂಪಿನ ಪಕ್ಕ ನೀಲಿ, ನೀಲಿಯ ಪಕ್ಕ ಹಸಿರು, ಒಂದೊಂದು ಚುಕ್ಕಿಯೂ ಅದರದರ ಜಾಗದಲ್ಲಿತ್ತು.

ವಸಂತ್ ಬಟನ್ ಒತ್ತಿದ. ಗೊಂಬೆ ಆ ಕ್ಷಣಕ್ಕೇ ಹಾರಿತು! ಅವನು ತನ್ನ ಬೆರಳನ್ನೇ ನೋಡಿಕೊಂಡ. ಮತ್ತೆ ಒತ್ತಿದ. ಎಂಟು ತಿಂಗಳ ಮೇಲೆ ಮೊದಲ ಬಾರಿ ಅವನ ತುಟಿಯ ಒಂದು ಕಡೆ ಮೇಲೆದ್ದಿತು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದರು.

ಅಷ್ಟರಲ್ಲಿ ನಿರಂಜನನ ಫೋನು ಬಡಿದುಕೊಂಡಿತು. "ಬೆಂಗಳೂರಿನವರು. ಹಳೇ ಗೇಮ್ ಆಡೋಕೆ ಈ ಮಾನಿಟರ್ ಬೇಕಂತೆ, ಪ್ರಾಣ ತಿಂತಿದಾರೆ" ಎಂದು ನಕ್ಕು ಫೋನು ಜೇಬಿಗಿಳಿಸಿದ.

ಆಮೇಲೆ ಪ್ರತಿ ಭಾನುವಾರವೂ ಬಂದ. ಚಿತ್ರ ಸೊಟ್ಟಗಾಗಿದೆಯಾ ನೋಡಲು ಒಮ್ಮೆ, ಮೂಲೆಯಲ್ಲಿ ಬಣ್ಣ ಕಂದಿದೆಯಾ ನೋಡಲು ಇನ್ನೊಮ್ಮೆ. ಕೆಲಸವೆಲ್ಲ ಹತ್ತು ನಿಮಿಷದ್ದು. ಅವನು ಬ್ಯಾಗು ಹೆಗಲಿಗೇರಿಸುವ ಹೊತ್ತಿಗೇ ಪೂಜಿತಾಳಿಗೆ ಏನೋ ಕೊರತೆ ಕಾಣುತ್ತಿತ್ತು, ನೋಡಿ!

"ಹಳ್ಳ ಅವನಿಗೆ ಸರಿಯಾಗಿ ಕಾಣ್ತಿಲ್ಲ ಅನ್ಸುತ್ತೆ. ಇನ್ನೂ ಸ್ವಲ್ಪ ಬೆಳಕು ಕೊಡ್ತೀರಾ?"

ಒಂದು ಕ್ಷಣ ಅವನ ಕೈ ತಡೆಯುತ್ತಿತ್ತು. ಆಮೇಲೆ ಬ್ಯಾಗು ಕೆಳಗಿಟ್ಟು, ಹಿಂದಿನ ಮುಚ್ಚಳ ಬಿಚ್ಚಿ, ಒಳಗಿನ ಸ್ಕ್ರೂ ಒಂಚೂರು ತಿರುಗಿಸುತ್ತಿದ್ದ. ಅಷ್ಟರಲ್ಲಿ ಕಾಫಿ ಬರುತ್ತಿತ್ತು. ಹನ್ನೆರಡು ಭಾನುವಾರ ಹೀಗೇ ನಡೆಯಿತು. ವಸಂತ್ ಎರಡನೇ ಹಳ್ಳ ದಾಟಿದ. ಮೂರನೆಯದರ ಅಂಚಿಗೆ ಬಂದು ನಿಂತಿದ್ದ.

ಹದಿಮೂರನೇ ವಾರದ ಮಂಗಳವಾರ ಪ್ರೆಸ್ಸಿನಿಂದ ಬಂದು ನೋಡಿದರೆ ಮೇಜು ಖಾಲಿ!

"ಆ ಹುಡುಗ ಬಂದಿದ್ದ ಕಣೇ. ಆನ್ ಮಾಡಿ ನೋಡಿದ, ಮುಖ ಸಣ್ಣ ಮಾಡ್ಕೊಂಡ, ಹೊತ್ಕೊಂಡು ಹೊರಟೇ ಬಿಟ್ಟ. ಕೇಳಿದ್ರೆ ಉಸಿರೇ ಬಿಡ್ಲಿಲ್ಲ" ಎಂದರು ಅಮ್ಮ.

ಪೂಜಿತಾ ಫೋನು ಮಾಡಿದಳು. ಎತ್ತಲಿಲ್ಲ. ಬುಧವಾರ, ಗುರುವಾರ... ಎತ್ತಲೇ ಇಲ್ಲ. ವಸಂತ್ ಖಾಲಿ ಮೇಜನ್ನೇ ನೋಡುತ್ತ ಕೂತಿದ್ದ. ಹೊಸ ಟಿವಿ ಹಚ್ಚಿದರೆ ಗೋಡೆಗೆ ಮುಖ ಮಾಡಿದ. ತುತ್ತು ಕೊಟ್ಟರೆ ಬಾಯಿ ಬಿಗಿದ. ಅವಳಿಗೆ ಏನೂ ಮಾಡಲು ಆಗಲಿಲ್ಲ. ಆ ಬೆರಳನ್ನು ಹಿಡಿದು ಕೂರುವುದೊಂದನ್ನು ಬಿಟ್ಟು ಏನೂ ಆಗಲಿಲ್ಲ.

'ಬೆಂಗಳೂರಿನವರಿಗೆ ಕೊಟ್ಟನಾ? ಅವನ ವಸ್ತು, ಅವನಿಷ್ಟ. ಕೇಳೋಕೆ ನಾನ್ಯಾರು...? ಆದರೆ ಒಂದು ಮಾತು ಹೇಳಬಾರದಿತ್ತಾ!'

ಶುಕ್ರವಾರ ರಜೆ ಹಾಕಿ ಭದ್ರಾವತಿ ಬಸ್ಸು ಹತ್ತಿದಳು. ಅವನು ಮಾತಿನ ನಡುವೆ ಹೇಳಿದ್ದ ನ್ಯೂಟೌನಿನ ಮನೆಯ ಬಾಗಿಲು ತೆರೆದವರು ಅವನ ತಾಯಿ ಸೀತಾಲಕ್ಷ್ಮಿ.

"ನೀನು ಪೂಜಿತಾ ಅಲ್ವಾ? ಬಾರಮ್ಮ! ಭಾನುವಾರ ಬಂತಂದ್ರೆ ನನ್ನ ಮಗ ಎರಡು ಸಲ ಶೇವ್ ಮಾಡ್ಕೊಳ್ತಾನಲ್ಲ, ಯಾಕೆ ಅಂತ ಈಗ ಗೊತ್ತಾಯ್ತು."

ಪೂಜಿತಾಳ ಸಿಟ್ಟು ಹೊಸಿಲಲ್ಲೇ ತಡವರಿಸಿತು. ನಡುಮನೆಯಲ್ಲಿ ಒಂದು ಡಬ್ಬಾ ಟಿವಿಯ ಬರೀ ಪೆಟ್ಟಿಗೆ ಕೂತಿತ್ತು. ಮುಂದಿನ ಗಾಜಿನ ಜಾಗದಲ್ಲಿ ದೊಡ್ಡ ತೂತು.

"ನನ್ನ ಧಾರಾವಾಹಿ ಟಿವಿ. ಹೊಟ್ಟೆ ಬಗೆದು ಟ್ಯೂಬ್ ತಗೊಂಡ, ಮಾರಾಯ್ತಿ. ಕೇಳಿದ್ರೆ, ಅಮ್ಮ, ಒಬ್ಬ ಹುಡುಗನಿಗೆ ಬೇಕು ಅಂದ. ತಗೋ ಅಂದೆ. ಹಿಂದಿನ ರೂಮಲ್ಲಿದಾನೆ, ಹೋಗಿ ನೋಡು."

ಹಿಂದಿನ ರೂಮಿನಲ್ಲಿ ನಿರಂಜನ ನೆಲದ ಮೇಲೆ ಕೂತಿದ್ದ. ಮುಂದೆ ಅದೇ ಮಾನಿಟರ್. ಗಡ್ಡ ಬೆಳೆದಿತ್ತು.

"ಮಾರಿಬಿಟ್ರಿ ಅಂದ್ಕೊಂಡೆ..." ಎಂದಳು.

"ಮಾರಿದ್ರೆ ಇಷ್ಟು ನಾಚಿಕೆ ಆಗ್ತಿರ್ಲಿಲ್ಲ. ಟ್ಯೂಬ್ ಸಾಯ್ತಿತ್ತು ಪೂಜಿತಾ. ನಾನೇ ಸಾಯಿಸಿದ್ದು."

"ಏನಂದ್ರಿ?"

"ವಯಸ್ಸಾದ ಟ್ಯೂಬು ಅದು. ಬೆಳಕು ಹೆಚ್ಚು ಮಾಡಿದಷ್ಟೂ ಬೇಗ ಸವೆಯುತ್ತೆ. ಪ್ರತಿ ಸಲ ಸ್ಕ್ರೂ ತಿರುಗಿಸಿದಾಗ ನನಗದು ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ತಿರುಗಿಸಿದ್ರಿ?"

"ನೀವು ಕೇಳಿದ್ರಿ."

ಅವನು ತಲೆ ಎತ್ತಲಿಲ್ಲ. "ನೀವು ಕೇಳಿದ್ಮೇಲೆ ಆಗಲ್ಲ ಅನ್ನೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಅಮ್ಮನ ಟಿವಿ ಟ್ಯೂಬ್ ಇದಕ್ಕೆ ಕೂರುತ್ತೋ ಇಲ್ವೋ ಗೊತ್ತಿರ್ಲಿಲ್ಲ. ಏನಂತ ಫೋನ್ ಎತ್ಲಿ?"

ಪೂಜಿತಾ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಹೇಳದಿದ್ದರೆ ಈ ಹುಡುಗ ಜನ್ಮವಿಡೀ ತನ್ನನ್ನೇ ಬೈದುಕೊಳ್ಳುತ್ತಾನೆ.

"ನಿರಂಜನ್... ವಸಂತನಿಗೆ ಹಳ್ಳ ಮೊದಲ ದಿನದಿಂದಲೂ ಚೆನ್ನಾಗೇ ಕಾಣ್ತಿತ್ತು."

ಅವನು ಈಗ ತಲೆ ಎತ್ತಿದ.

"ನೀವು ಬ್ಯಾಗ್ ತಗೊಂಡ ತಕ್ಷಣ ನನಗೆ... ಇನ್ನೂ ಹತ್ತು ನಿಮಿಷ ಇರ್ಲಿ ಅನ್ನಿಸ್ತಿತ್ತು. ಹಾಗಂತ ಬಾಯಿಬಿಟ್ಟು ಹೇಗೆ ಹೇಳೋದು? ಅದಕ್ಕೇ ಬೆಳಕು ಕೇಳ್ತಿದ್ದೆ. ಸಾಯಿಸಿದ್ದು ನೀವೊಬ್ರೇ ಅಲ್ಲ."

ಒಳಗೆ ಸೀತಾಲಕ್ಷ್ಮಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದರು.

ಭಾನುವಾರ ಮಾನಿಟರ್ ಗೋಪಾಳದ ಮನೆಯ ಮೇಜಿಗೆ ಮರಳಿತು. ಮನೆ ಟಿವಿಯ ಟ್ಯೂಬಲ್ಲವೇ, ಚಿತ್ರ ಮೊದಲಿನಷ್ಟು ನವಿರಾಗಿರಲಿಲ್ಲ. ಬೆಳಕೂ ಕಡಿಮೆಯೇ. ನಿರಂಜನ ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿದ. ಅಷ್ಟಕ್ಕೇ ಬಣ್ಣಗಳೆಲ್ಲ ಎದ್ದು ನಿಂತವು.

ವಸಂತ್ ಮೂರನೇ ಹಳ್ಳದ ಅಂಚಿಗೆ ಬಂದ. ಹಾರಿದ. ಬಿದ್ದ. ರಿಮೋಟು ಗೋಡೆಗೆ ಹೋಗಲಿಲ್ಲ. ಅವನು ಹೆಬ್ಬೆರಳನ್ನು ನಿಧಾನವಾಗಿ ಬಟನ್ನಿಗೆ ತಂದು ಮತ್ತೆ ಮೊದಲಿನಿಂದ ಶುರು ಮಾಡಿದ. ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ಆ ಹಳ್ಳ ಅವನು ಎಂದು ದಾಟುತ್ತಾನೋ ಯಾರಿಗೂ ಗೊತ್ತಿರಲಿಲ್ಲ.

ನಿರಂಜನ ಬ್ಯಾಗಿಗೆ ಕೈ ಹಾಕಿದ. ಅಭ್ಯಾಸಬಲ! ಪೂಜಿತಾಳ ಕೈ ಮಾನಿಟರಿನ ಕಡೆ ಹೋಯಿತು. ಅವನು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ. ಬಿಡಲಿಲ್ಲ.

"ಬೆಳಕು ಇಷ್ಟೇ ಇರ್ಲಿ. ಹೀಗಿಟ್ರೆ ಬಹಳ ವರ್ಷ ಬರುತ್ತೆ."

"ಸರಿ... ಇನ್ಮೇಲೆ ಕೇಳಲ್ಲ."

"ಹಾಗಾದ್ರೆ ಭಾನುವಾರ ನಾನು ಯಾವ ಕೆಲಸ ಅಂತ ಬರ್ಲಿ?"

"ಕೆಲಸ ಇಲ್ದೇನೇ ಬನ್ನಿ" ಎಂದಳು ಪೂಜಿತಾ. "ಬಂದು, ಸುಮ್ನೆ ಕೂತ್ಕೊಳ್ಳಿ."