ಕರೆದಾಗ ಏಳುವ ಆಳು

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಸಗರದ ಹತ್ತಿರ ಕಾಲುವೆ ಒಡೆಯಿತು. ಆರು ಇಂಚು ಏಳಬೇಕಾದ, ನೀರು ಬಿಡುವ ಗೇಟು ಅರವತ್ತು ಇಂಚು ಎದ್ದಿತ್ತು. ಮೆಣಸಿನಕಾಯಿ ಹೊಲಗಳೆಲ್ಲ ನೀರುಪಾಲು.

ತನಿಖೆ ಜಮಾದಾರ ಅಮೀನುದ್ದೀನನದು. ಜೊತೆಗೆ ಕಾನ್‌ಸ್ಟೇಬಲ್ ಅಂಬ್ರಪ್ಪನಾದ ನಾನು. ಅಮೀನುದ್ದೀನ ನನಗಿಂತ ಎರಡು ವರ್ಷ ಚಿಕ್ಕವನು, ತೋಳಿನ ಪಟ್ಟಿ ಮಾತ್ರ ಜಾಸ್ತಿ. ಹೊಟ್ಟೆ ಉರಿಯುತ್ತದೆ, ಯಾಕೆ ಸುಳ್ಳು ಹೇಳಲಿ!

ಮೊದಲು ಗೇಟಿನ ಕಾವಲುಗಾರ ಲಾಡ್ಲೇಸಾಬನನ್ನು ಹಿಡಿದೆವು. ಗೇಟು ಏರಿಸುವುದು ಶಹಾಪುರದ ಕಚೇರಿಯ ಕಂಪ್ಯೂಟರು, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಅದು ನಿಜವೇ ಆಗಿತ್ತು.

\* \* \*

ಕಚೇರಿಯಲ್ಲಿ ಆಪರೇಟರುಗಳು ಇಬ್ಬರು. ಹದಿನೈದು ವರ್ಷ ಹಳಬ ಭಗವಂತರಾಯ, ಹಂಗಾಮಿ ನೌಕರಿಯ ಕಲ್ಯಾಣಮ್ಮ. ಗೇಟು ಎಷ್ಟು ಏಳಬೇಕೆಂದು ಬರೆದಿಡುವ ಕಂಪ್ಯೂಟರಿನ ಕಡತದಲ್ಲಿ ಆರನ್ನು ಅರವತ್ತು ಮಾಡಿದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಆಗ ಪಾಳಿ ಕಲ್ಯಾಣಮ್ಮನದು. ಸಂಜೆಯೊಳಗೆ ಅವಳನ್ನು ತೆಗೆದುಹಾಕುತ್ತೇನೆಂದು ಕಚೇರಿಯ ಎಂಜಿನಿಯರ್ ಕೂಗಾಡಿದ.

“ನಾ ಮಾಡಿಲ್ರಿ,” ಅವಳು ಅತ್ತಳು. “ಚಾ ಕುಡಿಯಾಕ ಹೋದಾಗ ಯಾರೋ ನನ್ನ ಕಂಪ್ಯೂಟರಿಗೆ ಕೂತಾರ.”

“ಮಂಗಳವಾರ ತಿದ್ದಿದ್ದು ಗುರುವಾರ ಯಾಕ ಗೇಟ್ ಎಬ್ಬಿಸ್ತು?” ಅಮೀನುದ್ದೀನ ಕೇಳಿದ.

“ಮೊದಲ ಗೇಟ್ ಏರಿಸೋ ಪ್ರೋಗ್ರಾಮ್ ಕರೆದಾಗ ಏಳೋ ಆಳಿದ್ದಂಗ ಇತ್ರಿ. ಗೇಟಿಂದ ಕರೆ ಬಂದಾಗೊಮ್ಮೆ ಎದ್ದು, ಕಡತ ಓದಿ, ಎಷ್ಟು ಏಳಬೇಕಂತ ಹೇಳಿ, ಮತ್ತ ಮಲಗತಿತ್ತು. ತಡ ಆಗತಿತ್ತು. ಹೋದ ವಾರ ನಾ ಅದನ್ನ ಸದಾ ಎಚ್ಚರ ಇರೋಹಂಗ ಮಾಡೀನಿ. ಈಗ ಶುರು ಆಗುವಾಗ ಒಮ್ಮೆ ಓದಿ ನೆನಪಿಟ್ಕೋತದ, ಆಮ್ಯಾಲ ಕಡತ ತಿದ್ದಿದ್ರೂ ನೋಡಂಗಿಲ್ಲ. ಇವತ್ತ ಮುಂಜಾನಿ ಕರೆಂಟ್ ಹೋಗಿ ಬಂತಲ್ರಿ, ಆಗ ಹೊಸದಾಗಿ ಓದ್ಯದ.”

“ಭಗವಂತರಾಯಗ ಇದು ಗೊತ್ತದ ಏನು?”

“ಎಂಜಿನಿಯರ್ ಸಾಹೇಬ್ರು ಅವರ ಮುಂದ ನನಗ ಶಾಬಾಸ್ ಅಂದ್ರು. ಅವತ್ತಿಂದ ಭಗವಂತರಾಯರು ನನ್ನ ಕೂಡ ಮಾತೇ ಬಿಟ್ಟಾರ. ಏನ್ ಮಾಡಿದಿ ಅಂತ ಕೇಳಲಿಲ್ಲ.”

\* \* \*

ಕಲ್ಯಾಣಮ್ಮನ ಮೇಲೆ ದೂರು ಬಂದಿದೆಯೇ ನೋಡಲು, ಕಚೇರಿಯಲ್ಲಿ ಇನ್ನೂ ಯಾರೂ ಓದದ ಟಪಾಲಿನ ರಾಶಿ ತಡಕಲು ಅಮೀನುದ್ದೀನ ನನಗೆ ಹೇಳಿದ. ದೂಳು ನನಗೆ, ಹೆಸರು ಅವನಿಗೆ! ಒಂದು ಅರ್ಜಿ ಸಿಕ್ಕಿತು. “ಕಲ್ಯಾಣಮ್ಮನ ತಪ್ಪಿನಿಂದ ಇಂದು ಗೇಟು ಅರವತ್ತು ಇಂಚು ಎದ್ದು ಕಾಲುವೆ ಒಡೆದಿದೆ.” ಕೆಳಗೆ ಭಗವಂತರಾಯನ ಸಹಿ. ಕಚೇರಿಯ ಮೊಹರು ಮಂಗಳವಾರದ್ದು.

“ಕಾಲುವೆ ಒಡೆದದ್ದು ಇವತ್ತು,” ಅಮೀನುದ್ದೀನ ಭಗವಂತರಾಯನನ್ನು ಕರೆಸಿ ಅರ್ಜಿಯನ್ನು ಅವನ ಮುಂದಿಟ್ಟ. “ನಿನಗ ಎರಡು ದಿನ ಮೊದಲ ಹೆಂಗ ಗೊತ್ತಾತು? ತಿದ್ದಿದ ಕೂಡ್ಲೆ ಗೇಟ್ ಏಳ್ತದ ಅಂತ ತಿಳಿದಿ. ಹಂಗ ಏಳೂದಿಲ್ಲ ಅಂತ ಕಲ್ಯಾಣಮ್ಮಗ ಗೊತ್ತಿತ್ತು. ಗೊತ್ತಿಲ್ಲದಾಂವ ನೀ ಒಬ್ಬನ.”

ಭಗವಂತರಾಯ ಅರ್ಜಿಯನ್ನು ಪಕ್ಕಕ್ಕೆ ಸರಿಸಿದ. “ಹದಿನೈದು ವರ್ಷ ದುಡಿದೀನ್ರಿ. ನನಗ ಒಂದ್ ಸಲಾನೂ ಶಾಬಾಸ್ ಅಂದಿಲ್ಲ. ಒಂದ್ ಸಲಾನೂ!”

ಎಂಜಿನಿಯರ್ ತಲೆ ತಗ್ಗಿಸಿ, ನಾಳೆಯೂ ಕೆಲಸಕ್ಕೆ ಬಾ ಎಂದು ಕಲ್ಯಾಣಮ್ಮನಿಗೆ ಹೇಳಿದ. ಭಗವಂತರಾಯ ಅವಳತ್ತ ತಿರುಗಿದ.

“ಹಿಂಗ ಮಾಡೀನಿ ಅಂತ ನನಗೊಂದು ಮಾತ ಹೇಳಬಾರದಿತ್ತೇನವಾ?”

“ಕೇಳಿದ್ರ ಕಲಿಸ್ತಿದ್ದೆನ್ರಿ.”

ಭಗವಂತರಾಯನಿಗೆ ಕೋಳ ಹಾಕೆಂದು ಅಮೀನುದ್ದೀನ ನನಗೆ ಹೇಳಿದ. ಹಾಕಿದೆ. ಅವನ ಮುಖ ನೋಡಲು ಮಾತ್ರ ನನ್ನಿಂದಾಗಲಿಲ್ಲ.