ಒಂದು ಹಲ್ಲಿನ ಆರೋಪ

ಬೆಳಿಗ್ಗೆ ದೊಡ್ಡ ಡಾಕ್ಟರು ಕಾರಿನ ಕೀಲಿ ತಿರುಗಿಸಿದ್ದೇ ತಡ, ಎಂಜಿನ್ನು ಚಳಿಜ್ವರ ಬಂದ ಆನೆಯಂತೆ ನಡುಗಿತು. ಎದುರುಮನೆಯ ಗೋಡೆ ಗಡಿಯಾರ ಕೆಳಗೆ ಬಿತ್ತು. ಮೂರು ಬೀದಿಯಾಚೆ ಹಾಲು ಒಡೆಯಿತು. ಇದು ಕಮ್ಮಿ ಮಾಡಿ ಹೇಳಿದ ಲೆಕ್ಕ.

"ಕೊಂದುಬಿಟ್ಟ!" ದೊಡ್ಡ ಡಾಕ್ಟರು ಕೂಗಿದರು. "ನಿನ್ನ ಮೆಕ್ಯಾನಿಕ್ಕು ನನ್ನ ಎಂಜಿನ್ನನ್ನ ಕೊಂದುಬಿಟ್ಟ ಕಣೇ! ಬೆಲ್ಟನ್ನ ಒಂದು ಹಲ್ಲು ತಪ್ಪಿಸಿ ಕೂರಿಸಿದಾನೆ!"

ಕೂಗಿದ್ದು ಮಗಳ ಮೇಲೆ. ಅಪ್ಪ, ಮಗಳು ಇಬ್ಬರೂ ಹಲ್ಲಿನ ಡಾಕ್ಟರುಗಳೇ. ಮನೆಯ ಮುಂಭಾಗವೇ ಕ್ಲಿನಿಕ್ಕು. ಮಗಳು ಎಂಥವಳೆಂದರೆ, ರೋಗಿ ಬಾಗಿಲಲ್ಲಿ ನಕ್ಕರೆ ಸಾಕು, ಅವನ ತಾತನ ಯಾವ ದವಡೆ ಹಲ್ಲು ಹುಳುಕಾಗಿತ್ತೆಂದು ಹೇಳಿಬಿಡುವಳು. ಅವಳು ಮದುವೆಯಾಗಲು ಹೊರಟಿದ್ದು ಗ್ಯಾರೇಜಿನವನನ್ನು. ಅಪ್ಪನದು ಒಂದೇ ಷರತ್ತು: ಅವನು ಈ ಕಾರಿನ ಟೈಮಿಂಗ್ ಬೆಲ್ಟ್ ಬದಲಾಯಿಸಬೇಕು. ಕಾರು ಬೆಣ್ಣೆಯಂತೆ ಓಡಿದರೆ ಮದುವೆ, ಇಲ್ಲವಾದರೆ ಅವನ ದಾರಿ ಅವನಿಗೆ.

ನಿನ್ನೆ ಸಂಜೆ ಅವನು ಕಾರು ತಂದು ಬಿಟ್ಟಾಗ ಅದು ಬೆಣ್ಣೆಯೇ ನಾಚುವಂತೆ ಓಡಿತ್ತು.

* * *

ಗ್ಯಾರೇಜಿನವನು ಓಡೋಡಿ ಬಂದ. ಮುಖ ಬಿಳಿಚಿತ್ತು. ಮುಚ್ಚಳ ಬಿಚ್ಚಿ ಬೆಲ್ಟು ನೋಡಿದ. ಎಂಜಿನ್ನಿನ ಮೇಲಿನ ಚಕ್ರವನ್ನೂ ಕೆಳಗಿನ ಚಕ್ರವನ್ನೂ ತಾಳ ತಪ್ಪದಂತೆ ತಿರುಗಿಸುವ ಹಲ್ಲಿನ ಪಟ್ಟಿ ಅದು. ಗುರುತಿಗೆ ಗುರುತು ಕೂಡಿತ್ತು.

"ಸರಿಯಾಗೇ ಇದೆ. ಆದ್ರೂ ನಡುಗ್ತಿದೆ. ನನಗೇ ನನ್ನ ಮೇಲೆ ಅನುಮಾನ ಬರ್ತಿದೆ."

"ಬೆಲ್ಟು ಬಿಚ್ಚಿ ಮತ್ತೆ ಹಾಕು," ದೊಡ್ಡ ಡಾಕ್ಟರು ಗದರಿದರು. "ಎಂಜಿನ್ ಹಿಂದಿನ ಪೈಪು ಗೀಪು ಕೆದಕಿ ಕಾಲ ಕಳೀಬೇಡ."

ಮಗಳು ಅಪ್ಪನನ್ನು ಒಮ್ಮೆ ನೋಡಿದಳು. ಆಮೇಲೆ ಗ್ಯಾರೇಜಿನವನ ಕಡೆ ತಿರುಗಿದಳು.

"ನೋವು ಯಾವಾಗ? ಸುಮ್ನಿದ್ದಾಗಲಾ, ಅಗಿಯುವಾಗಲಾ?"

"ಏನು?"

"ನಿಂತಾಗ ನಡುಗುತ್ತಾ, ಓಡುವಾಗಲಾ?"

ಅವನು ಆಕ್ಸಿಲರೇಟರ್ ಒತ್ತಿದ. ನಡುಕ ಮಾಯ. ಕಾಲು ತೆಗೆದ. ಮತ್ತೆ ಗಡಗಡ. ಬೀದಿ ತುದಿಯ ಏರಿಗೆ ಹತ್ತಿಸಿದ. ಕಾರು ಗಾಳಿಪಟದಂತೆ ಏರಿತು.

"ಹಾಗಾದ್ರೆ ಹಲ್ಲು ನಿರಪರಾಧಿ," ಎಂದಳು. "ಹಲ್ಲು ತಪ್ಪಿದ್ರೆ ಅಗಿಯುವಾಗಲೂ ನೋಯ್ಬೇಕಿತ್ತು. ಏರಲ್ಲಿ ಏದುಸಿರು ಬಿಡಬೇಕಿತ್ತು."

ಅವನ ಕಣ್ಣರಳಿತು. "ನಿಂತಾಗ ಮಾತ್ರ ಅಂದ್ರೆ... ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗ್ತಿದೆ!"

* * *

ಎಂಜಿನ್ನು ಗಡಗಡಿಸುತ್ತಲೇ ಇತ್ತು. ಅವಳು ಹಿಂದಿನ ರಬ್ಬರ್ ಪೈಪಿನ ಅಡಿಯಲ್ಲಿ ಬೆರಳಾಡಿಸುತ್ತ ಹೋದಳು. ಒಂದು ಕಡೆ ಬೆರಳನ್ನು ಯಾರೋ ಒಳಗಿಂದ ಹೀರಿದಂತಾಯಿತು. ನಡುಕ ನಿಂತಿತು. ಬೆರಳು ತೆಗೆದಳು. ಗಡಗಡ.

ಪೈಪು ಬಿಚ್ಚಿದರೆ, ಅಲ್ಲೊಂದು ತೂತು.

"ಹಳೇ ರಬ್ಬರು, ಬಿರಿದಿರಬೇಕು," ಎಂದ ಗ್ಯಾರೇಜಿನವನು.

"ಬಿರಿದ್ರೆ ಸೀಳಾಗುತ್ತೆ. ಇದು ದುಂಡಗಿದೆ. ಅಂಚು ನೋಡು, ಎಷ್ಟು ನುಣುಪು! ಈ ಕೈಚಳಕ ಇರೋರು ಊರಲ್ಲಿ ಇಬ್ರೇ. ಒಬ್ಬಳು ನಾನು."

ಅವಳು ಕ್ಲಿನಿಕ್ಕಿಗೆ ಹೋಗಿ, ಅಪ್ಪನ ಚೀಲದಿಂದ ಬ್ಯಾಟರಿಯ ಪುಟ್ಟ ಡ್ರಿಲ್ ತಂದಳು. ಎದ್ದು ಬರಲಾಗದ ರೋಗಿಗಳ ಮನೆಗೆ ಅವರು ಒಯ್ಯುತ್ತಿದ್ದದ್ದು. ಅಂಗೈ ಮೇಲೆ ತಟ್ಟಿದಳು. ಕಪ್ಪು ಪುಡಿ ಉದುರಿತು.

"ಹಲ್ಲು ಕೊರೆದ್ರೆ ಬಿಳಿ ಪುಡಿ ಬರುತ್ತೆ ಅಪ್ಪ. ಯಾರ ಬಾಯಲ್ಲಿ ರಬ್ಬರ್ ಹಲ್ಲಿತ್ತು?"

ದೊಡ್ಡ ಡಾಕ್ಟರು ಮೋಡ ನೋಡಿದರು. ಮೋಡವಿರಲಿಲ್ಲ.

"ಬೆಲ್ಟು ಹಾಕಿದ ಮಾರನೇ ದಿನ ಕೆಟ್ರೆ ಎಲ್ರೂ ಬೆಲ್ಟನ್ನೇ ಹಿಡೀತಾರೆ ಅಂತ ನೀನು ಲೆಕ್ಕ ಹಾಕಿದೆ ಅಪ್ಪ. ಆದ್ರೆ ಪೈಪಿನ ಮಾತು ಎತ್ತಿದ್ದು ಯಾರು? ನೀನೇ. ಅಷ್ಟು ಹೊತ್ತೂ ನಾವು ಬೆಲ್ಟಿನದು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ."

ದೊಡ್ಡ ಡಾಕ್ಟರು ಅವಳ ಕೈಯಿಂದ ಡ್ರಿಲ್ ಕಸಿದು ಜೇಬಿಗಿಳಿಸಿದರು. "ನೀನು ಹೋದ್ರೆ ನನ್ನ ಜೊತೆ ಜಗಳ ಆಡೋರು ಯಾರೇ?"

"ಗ್ಯಾರೇಜು ಪಕ್ಕದ ಬೀದೀಲಿದೆ! ಬೆಳಿಗ್ಗೆ ಬರ್ತೀನಿ, ಕ್ಲಿನಿಕ್ಕು ಮುಚ್ಚೋವರೆಗೂ ಜಗಳ ಆಡೋಣ."

ಹೊಸ ಪೈಪು ಕೂತಿತು. ಎಂಜಿನ್ನು ಎಷ್ಟು ಮೆತ್ತಗೆ ಉಸಿರಾಡಿತೆಂದರೆ, ಬಾನೆಟ್ಟಿನ ಮೇಲೆ ಕೂತ ನೊಣಕ್ಕೆ ಜೋಂಪು ಹತ್ತಿತು.

ಗ್ಯಾರೇಜಿನವನು ಕೈ ಒರೆಸಿಕೊಂಡ. "ನಾನಿನ್ನು ಬರ್ಲಾ ಸಾರ್?"

"ಸಾರಂತೆ, ಸಾರು! ಮಾವ ಅನ್ನೋಕೆ ಹಲ್ಲು ನೋಯುತ್ತಾ ನಿಂಗೆ?" ದೊಡ್ಡ ಡಾಕ್ಟರು ಅವನ ಗದ್ದ ಹಿಡಿದೆತ್ತಿದರು. "ಎಲ್ಲಿ, ಬಾಯಿ ತೆಗಿ, ನೋಡೋಣ."