ಎರಡೂ ಹಾಕಿದೆ

ಬೋಟಿನ ಹಿಂಭಾಗ ಬಿಚ್ಚಿ ನೋಡಿದೆವು. ಸ್ಟೀರಿಂಗ್ ರಾಡಿನ ಎರಡು ಕಡೆ ಇರಬೇಕಾಗಿದ್ದ ರಬ್ಬರ್ ಸೀಲ್‌ಗಳು ಇರಲಿಲ್ಲ. ಹರಿದು ಹೋಗಿರಲಿಲ್ಲ, ಸವೆದಿರಲಿಲ್ಲ — ಹಾಕಿಯೇ ಇರಲಿಲ್ಲ.

"ಹೊಸ ಸೀಲ್‌ಗಳ ಪಾರ್ಸಲ್ ಗೇಟಿಗೆ ತಲುಪಿಸಿದ್ದೀವಿ ಅಂತಾರೆ ಕೊರಿಯರ್‌ನವರು," ಅಂದರು ಬೋಟಿನ ಮಾಲೀಕರು. "ಅಂದ್ಮೇಲೆ ಯಾರೋ ಹೊಡೆದಿದ್ದಾರೆ. ಈ ಮೆಕ್ಯಾನಿಕ್, ಈ ಫಿಟ್ಟರ್ — ಇಬ್ಬರಲ್ಲಿ ಒಬ್ಬನನ್ನ ಇವತ್ತೇ ಮನೆಗೆ ಕಳಿಸ್ತೀನಿ. ಯಾರನ್ನ ಅಂತ ನೀವು ಹೇಳಿ ಮೇಡಂ."

ಮೇಡಂ ಅಂದರೆ ನನ್ನ ಹೆಂಡತಿ, ವಿಮಾ ಕಂಪನಿಯ ಸರ್ವೇಯರ್. ನಾನು ಹೈಸ್ಕೂಲಿನಲ್ಲಿ ಭಾಷೆ ಕಲಿಸಿ ನಿವೃತ್ತನಾದವನು. ಮನೆಯಲ್ಲಿ ಬಿಟ್ಟರೆ ಅಕ್ಕಪಕ್ಕದವರ ತಲೆ ತಿನ್ನುತ್ತೇನೆ ಅಂತ ಹೋದಲ್ಲೆಲ್ಲ ಎಳಕೊಂಡು ಬರುತ್ತಾಳೆ. ಕಾರು ಓಡಿಸುವುದು, ಚೀಲ ಹೊರುವುದು ನನ್ನ ಪಾಲು. ಅವತ್ತು ನನ್ನ ಗ್ರಹಚಾರ ಗೇಟಿನಲ್ಲೇ ಶುರುವಾಗಿತ್ತು. ಆಫೀಸಿನ ಕಿಟಕಿಯಲ್ಲಿದ್ದ ಕ್ಲಾರ್ಕ್ ಹೆಂಗಸು ತಡೆದು, ನಮ್ಮ ಪಾಸಿಗೆ ಗುಂಡಗಿನದೊಂದು, ಚೌಕದ್ದೊಂದು ಮುದ್ರೆ ಒತ್ತಿಯೇ ಒಳಗೆ ಬಿಟ್ಟರು. ಇಬ್ಬರು ವಯಸ್ಸಾದವರು ಒಳಗೆ ಹೋಗೋಕೆ ಎರಡೆರಡು ಮುದ್ರೆ ಯಾಕೆ ಬೇಕೋ, ನನಗಂತೂ ತಿಳಿಯಲಿಲ್ಲ.

"ಸೀಲ್ ಇಲ್ಲದಿದ್ರೆ ಏನಾಗುತ್ತಪ್ಪ?" ಹೆಂಡತಿ ಮೆಕ್ಯಾನಿಕ್‌ನನ್ನು ಕೇಳಿದಳು.

ಅವನು ಐವತ್ತು ದಾಟಿದವನು. ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ಜೆಟ್ ಬೋಟು ನೀರನ್ನ ಹೀರ್ಕೊಂಡು ಹಿಂದಕ್ಕೆ ಉಗಿಯುತ್ತಮ್ಮ. ಉಗಿಯೋ ಬಾಯಿ ಇದು, ನಾಜಲ್. ಇದನ್ನ ತಿರುಗಿಸಿದ್ರೆ ಬೋಟು ತಿರುಗುತ್ತೆ. ತಿರುಗಿಸೋ ರಾಡು ಹಿಂದಿನ ಗೋಡೆ ತೂರಿ ಒಳಗೆ ಬರುತ್ತಲ್ಲ, ಅಲ್ಲಿ ಸೀಲ್ ಇಲ್ಲ ಅಂದ್ರೆ ನೀರು ಒಳಗೆ ನುಗ್ಗುತ್ತೆ. ಮರಳು ಸಿಕ್ಕಿ ಸ್ಟೀರಿಂಗ್ ಬಿಗಿಯುತ್ತೆ."

ಹಿಂದಿನ ದಿನ ಆದದ್ದು ಅದೇ. ನಡುಹೊಳೆಯಲ್ಲಿ ಸ್ಟೀರಿಂಗ್ ಬಿಗಿಯಿತು, ಹಿಂದೆ ನೀರು ತುಂಬತೊಡಗಿತು. ಚಾಲಕ ಎದೆಗುಂದದೆ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಿ, ಬೋಟನ್ನು ಮರಳದಿಬ್ಬಕ್ಕೆ ಹತ್ತಿಸಿದ. ಬೋಟಿನಲ್ಲಿ ಒಬ್ಬ ಬಾಣಂತಿ, ಅವಳ ಎಳೆಗೂಸು. ಯಾರಿಗೂ ಒಂದು ಗೀರೂ ಆಗಲಿಲ್ಲ.

"ಆ ಬಾಣಂತಿ ನನ್ನ ಮಗಳು," ಅಂದ ಮೆಕ್ಯಾನಿಕ್.

ಹೆಂಡತಿ ತಲೆಯೆತ್ತಿದಳು. "ಮೊದಲಿಂದ ಹೇಳು."

"ಹಳೇ ಸೀಲ್ ಸವೆದಿತ್ತು, ಬಿಚ್ಚಿದೆ. ಹೊಸದು ಬರಬೇಕಿತ್ತು. ಅಷ್ಟರಲ್ಲಿ ಆಚೆ ದಡದ ಆಸ್ಪತ್ರೆಯಿಂದ ಫೋನು, ಮಗಳಿಗೆ ನೋವು ಶುರುವಾಗಿದೆ ಅಂತ. ರಾಡಿನ ಸುತ್ತ ದಪ್ಪಗೆ ಗ್ರೀಸ್ ತುಂಬಿ, ಪಾರ್ಸಲ್ ಬಂದ ಕೂಡ್ಲೆ ಹಾಕೋ ಅಂತ ಇವನಿಗೆ ಹೇಳಿ ಓಡಿದೆ."

'ಇವನು' ಅಂದರೆ ಫಿಟ್ಟರ್. ಮೆಕ್ಯಾನಿಕ್‌ನ ಹೆಂಡತಿಯ ತಮ್ಮ. ಭಾವನಿಂದಲೇ ಕೆಲಸ ಕಲಿತವನು. ಈಗ ಭಾವನಿಂದ ದೂರ, ಕಂಬಕ್ಕೊರಗಿ ನಿಂತಿದ್ದ.

"ಆಮೇಲೆ?"

"ನಿನ್ನೆ ಮಗಳನ್ನ ಮನೆಗೆ ಕರ್ಕೊಂಡು ಬರಬೇಕಿತ್ತು. ಆಫೀಸಿಗೆ ಫೋನ್ ಮಾಡಿದೆ. ರಬ್ಬರ್ ಸೀಲ್ ಬಂತಾ ಅಂದೆ. ಬಂತು ಅಂದ್ರು. ಬೋಟಿಗೆ ಸೀಲ್ ಹಾಕಿದ್ದಾಯ್ತಾ ಅಂದೆ. ಎರಡೂ ಹಾಕಿದೆ ಅಂದ್ರು. ಇವನು ಹಾಕಿದಾನೆ ಅಂತ ನಂಬಿ, ಬೋಟು ಆಚೆ ದಡಕ್ಕೆ ತರಿಸಿ ಮಗಳನ್ನ ಹತ್ತಿಸಿದೆ."

"ನಾನು ಹಾಕಿದೀನಿ ಅಂತ ಯಾರಿಗೂ ಹೇಳಿಲ್ಲ ಭಾವ," ಅಂದ ಫಿಟ್ಟರ್. "ಪಾರ್ಸಲ್ ನನ್ನ ಕೈಗೇ ಬಂದಿಲ್ಲ. ನಿನ್ನೆ ಬೆಳಗ್ಗೆ ನಾನು ಮೇಲಿನ ಕಟ್ಟೆಯಲ್ಲಿ ಇನ್ನೊಂದು ಬೋಟು ರಿಪೇರಿ ಮಾಡ್ತಿದ್ದೆ. ಇದು ಹೊರಡುತ್ತೆ ಅಂತಾನೂ ಗೊತ್ತಿರಲಿಲ್ಲ."

"ಹಾಗಾದ್ರೆ ಹಾಕಿದೆ ಅಂದಿದ್ದು ಯಾರೋ? ಗಾಳಿನಾ?" ಅಂದ ಮೆಕ್ಯಾನಿಕ್. "ನಿನ್ನ ಅಕ್ಕನ ಮಗಳು ಕಣೋ ಅವಳು. ಇನ್ಮೇಲೆ ನಮ್ಮನೆ ಹೊಸ್ತಿಲು ತುಳೀಬೇಡ ನೀನು."

ಫಿಟ್ಟರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಅಕ್ಕನ ಮನೆ ಇನ್ನೊಂದು ಸಿಗುವುದಿಲ್ಲವಲ್ಲ.

ಮಾಲೀಕರು ಕ್ಲಾರ್ಕ್ ಹೆಂಗಸನ್ನು ಕರೆಸಿದರು. ಆಕೆ ಅಳುಕುತ್ತ ಬಂದರು.

"ಫೋನಿನಲ್ಲಿ ಎರಡೂ ಹಾಕಿದೆ ಅಂದಿದ್ದು ನೀವಾ?" ಹೆಂಡತಿ ಕೇಳಿದಳು.

"ಹೌದು ಮೇಡಂ, ನಾನೇ."

"ಬೋಟಿನ ಸಾಮಾನಿನ ಪಾರ್ಸಲ್ ಬಂತಾ?"

"ಇಲ್ಲ ಮೇಡಂ. ಬಂದಿದ್ರೆ ನಾನೇ ಶೆಡ್ಡಿಗೆ ಕಳಿಸ್ತಿದ್ದೆ."

"ಕೇಳಿದ್ರಾ?" ಮಾಲೀಕರು ಫಿಟ್ಟರ್ ಕಡೆ ಬೆರಳು ತೋರಿಸಿದರು. "ಇವನು ಗೇಟಿನಲ್ಲೇ ಈಸ್ಕೊಂಡು ಮಾರಿದಾನೆ. ಹಾಕಿದೆ ಅಂತ ಇವರ ಹತ್ರ ಸುಳ್ಳು ಹೇಳಿದಾನೆ."

ಹೆಂಡತಿ ಅವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿದಳು.

"ರೀ, ಗೇಟಿನಲ್ಲಿ ಇವರು ನಿಮಗೆ ಏನಂದ್ರು?"

"ನನಗಾ? ಪಾಸಿಗೆ ಮುದ್ರೆ ಒತ್ತಬೇಕು ಅಂದ್ರು."

"ಮುದ್ರೆ, ಒತ್ತೋದು ಎಲ್ಲ ನಿಮ್ಮ ಮೇಷ್ಟ್ರ ಭಾಷೆ. ಅವರ ಬಾಯಲ್ಲಿ ಬಂದದ್ದು ಬಂದ ಹಾಗೇ ಹೇಳಿ."

ನಾನು ನೆನೆಸಿಕೊಂಡೆ. ಹೇಳಲು ಹೊರಟವನು ಅರ್ಧಕ್ಕೇ ನಿಂತೆ.

"ಪಾಸಿಗೆ... ಸೀಲ್ ಹಾಕದೆ ಬಿಡಲ್ಲ ಸಾರ್, ಎರಡೂ ಸೀಲ್ ಹಾಕಿಸ್ಕೊಂಡು ಹೋಗಿ — ಅಂದ್ರು."

ಹೆಂಡತಿ ಕ್ಲಾರ್ಕ್ ಹತ್ತಿರ ಹೋದಳು. ದನಿ ಮೆತ್ತಗಾಗಿತ್ತು. "ನಿನ್ನೆ ನೀವು ಎರಡೂ ಸೀಲ್ ಹಾಕಿದ್ದು ಯಾವುದಕ್ಕಮ್ಮ?"

"ಬೋಟಿನ ಪಾಸಿಗೆ ಮೇಡಂ. ಪಾಸಿಗೆ ಸೀಲ್ ಬೀಳ್ದೆ ಬೋಟು ಹೊರಡೋ ಹಾಗಿಲ್ಲವಲ್ಲ. ಇವರು ಪಾಸಿನ ವಿಷಯ ಕೇಳ್ತಿದ್ದಾರೆ ಅಂದ್ಕೊಂಡೆ."

"ಮತ್ತೆ ರಬ್ಬರ್ ಸೀಲ್ ಬಂತು ಅಂದ್ರಿ?"

"ಹೂಂ ಮೇಡಂ. ನಮ್ಮ ಸೀಲ್ ಸವೆದು ಅಕ್ಷರ ಮೂಡ್ತಿರಲಿಲ್ಲ, ಹೊಸದು ಬೇಕು ಅಂತ ಸಾಹೇಬರಿಗೆ ಹೇಳಿದ್ದೆ. ಡಬ್ಬಿ ಮೇಲೆ ರಬ್ಬರ್ ಸೀಲ್, ಎರಡು ಅಂತ ಇತ್ತು. ಇಂಕ್ ಪ್ಯಾಡ್ ಬಂದ್ಮೇಲೆ ಬಿಚ್ಚೋಣ ಅಂತ ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿ..."

ಅಷ್ಟು ಹೇಳುವಷ್ಟರಲ್ಲಿ ಆಕೆಗೂ ಹೊಳೆಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಡ್ರಾಯರ್ ತೆಗೆದರು. ಹಳೇ ಮುದ್ರೆಗಳ ಪಕ್ಕದಲ್ಲಿ ಟೇಪು ಕೀಳದ ಡಬ್ಬಿ. ಒಳಗೆ ಎಣ್ಣೆಕಾಗದದಲ್ಲಿ ಸುತ್ತಿದ ಎರಡು ಕಪ್ಪು ಉಂಗುರಗಳು.

"ನನಗೆ ಮೊದಲು ಅನುಮಾನ ಬಂದದ್ದು ಇವನ ಮಗಳಿಂದ," ಅಂದಳು ಹೆಂಡತಿ, ಮೆಕ್ಯಾನಿಕ್‌ನನ್ನು ತೋರಿಸಿ. "ಸೀಲ್ ಇಲ್ಲ ಅಂತ ಗೊತ್ತಿದ್ರೆ ಹೆತ್ತ ಮಗಳನ್ನ ಹತ್ತಿಸ್ತಿದ್ನಾ? ಅವನ ಮಾತು ನಿಜ. ಬಾಣಂತಿ ಬರೋ ಬೋಟು ಅಂತ ಗೊತ್ತಿದ್ರೆ ಸೋದರಮಾವ ಸುಮ್ಮನಿರ್ತಿದ್ನಾ? ಅವನದೂ ನಿಜ. ಫೋನಿನಲ್ಲಿ ಬಂತು ಅಂದ ಹೆಂಗಸು ಈಗ ಪಾರ್ಸಲ್ ಬರಲಿಲ್ಲ ಅಂತಾರೆ, ಮುಖದಲ್ಲಿ ಕಳ್ಳತನ ಇಲ್ಲ. ಮೂವರದೂ ನಿಜ ಅಂದ್ರೆ, ದಾರಿ ತಪ್ಪಿದ್ದು ಮಾತು. ಉಳಿದದ್ದನ್ನ ನಮ್ಮ ಮೇಷ್ಟ್ರು ಹೇಳ್ತಾರೆ."

ನನ್ನ ನಲವತ್ತು ವರ್ಷದ ಸಂಸಾರದಲ್ಲಿ ಅವಳು ವ್ಯಾಕರಣಕ್ಕೆ ಮರ್ಯಾದೆ ಕೊಟ್ಟದ್ದು ಅದೇ ಮೊದಲು.

"ಆಕೆ ಹೇಳಿದ್ದು 'ನಾನು ಹಾಕಿದೆ' ಅಂತ," ಅಂದೆ. "ಇವನು ಕೇಳಿಸ್ಕೊಂಡದ್ದು 'ಹಾಕಿಯಾಗಿದೆ' ಅಂತ. ಬಾಯಲ್ಲಿ ಎರಡೂ ಒಂದೇ — ಹಾಕಿದೆ."

ಮಾಲೀಕರ ಮುಖ ಬಿಗಿಯಿತು. "ಹಾಗಾದ್ರೆ ಮನೆಗೆ ಹೋಗಬೇಕಾದ್ದು ಇವರು."

ಕ್ಲಾರ್ಕ್ ಅಳುತ್ತಿದ್ದರು. ನಡುವೆ ಬಂದದ್ದು ಮೆಕ್ಯಾನಿಕ್.

"ಬೇಡ ಸಾಹೇಬ್ರೆ. ನನ್ನ ಮಗಳೂ ಮೊಮ್ಮಗುವೂ ಮನೇಲಿ ಬೆಚ್ಚಗಿದಾರೆ, ನನಗೆ ಅಷ್ಟು ಸಾಕು. ಕಳಿಸಲೇಬೇಕು ಅಂದ್ರೆ ನನ್ನನ್ನ ಕಳಿಸಿ. ಕಣ್ಣಲ್ಲಿ ನೋಡ್ದೆ, ಫೋನಿನ ಮಾತು ನಂಬಿ ಬೋಟು ಬಿಡಿಸಿದವನು ನಾನು."

"ಮಗು ಉಳಿದದ್ದೂ ನಿನ್ನಿಂದಾನೇ," ಅಂದಳು ಹೆಂಡತಿ. "ಮಗಳ ನೋವಿನ ಸುದ್ದಿ ಬಂದರೂ ನಿಂತು ಗ್ರೀಸ್ ತುಂಬಿ ಹೋದೆಯಲ್ಲ, ದಿಬ್ಬ ಸಿಗೋವರೆಗೆ ನೀರನ್ನ ತಡೆದದ್ದು ಅದೇ. ಮಾಲೀಕರೆ, ಇಲ್ಲಿ ಕಳ್ಳರಿಲ್ಲ. ಇನ್ಮೇಲೆ ಪಾಸು ನೋಡಿ ಬೋಟು ಬಿಡಬೇಡಿ, ಬೋಟು ನೋಡಿ ಬೋಟು ಬಿಡಿ. ಚಾಲಕನಿಗೆ ಒಂದು ಮಾತು ಥ್ಯಾಂಕ್ಸ್ ಹೇಳಿ. ನಿನ್ನೆಯಿಂದ ಯಾರೂ ಹೇಳಿಲ್ಲ."

ಮಾಲೀಕರು ಚಾಲಕನನ್ನು ಕರೆದು ಎರಡೂ ಕೈ ಹಿಡಿದುಕೊಂಡರು.

ಅಷ್ಟರಲ್ಲಿ ಫಿಟ್ಟರ್ ಮರಳು ತೊಳೆದು, ರಾಡು ಒರೆಸಿ, ಸೀಲ್‌ಗಳನ್ನು ಬೆರಳಿನಿಂದ ಒತ್ತಿ ಕೂರಿಸುತ್ತಿದ್ದ. ನಾವು ಹೊರಟಾಗ ಮೆಕ್ಯಾನಿಕ್ ಅವನ ಹಿಂದೆ ಹೋಗಿ ನಿಂತ.

"ಎರಡೂ ಹಾಕಿದ್ಯೇನೋ?"

ಫಿಟ್ಟರ್ ತಿರುಗಿ ನೋಡದೆ ಪಕ್ಕಕ್ಕೆ ಸರಿದ. "ನೀವೇ ಕೈಯಿಟ್ಟು ನೋಡಿ ಭಾವ."

ಮೆಕ್ಯಾನಿಕ್ ಮಂಡಿಯೂರಿ ಒಂದೊಂದರ ಸುತ್ತಲೂ ಬೆರಳಾಡಿಸಿದ. ನಿಧಾನವಾಗಿ ಎದ್ದ. ಗ್ರೀಸು ಮೆತ್ತಿದ ಆ ಕೈಯನ್ನೇ ಭಾಮೈದನ ಹೆಗಲ ಮೇಲಿಟ್ಟ.

"ನಡಿ, ಮನೆಗೆ ಹೋಗೋಣ. ನೀನಿನ್ನೂ ಮಗೂನ ಎತ್ಕೊಂಡೇ ಇಲ್ಲ."